ಕಣಕಾಲಿನ ಪಿಸ್ತೂಲು

ಹಳೆಯ ಕಾವ್ಯಗಳ ಪರಿಚಯವುಳ್ಳವರಿಗೆ ‘ಗಂಡಪೆಂಡೆಯ’ ಎಂಬ ಮಾತು ಹೊಸದಲ್ಲ. ರಣದಲ್ಲಿ ಎದುರಿಲ್ಲದ ಶೂರನೋ ವಿದ್ಯೆಯಲ್ಲಿ ಎಣೆಯಿಲ್ಲದ ಪಂಡಿತನೋ ತನ್ನ ಬಿರುದಿನ ಗುರುತಾಗಿ ಕಾಲಿಗೆ ತೊಡುತ್ತಿದ್ದ ಆಭರಣ ಅದು. ಕೃಷ್ಣದೇವರಾಯನು ಅಲ್ಲಸಾನಿ ಪೆದ್ದನನ ಕಾಲಿಗೆ ಅದನ್ನು ತನ್ನ ಕೈಯಿಂದಲೇ ತೊಡಿಸಿದನೆಂಬ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಈ ಆಭರಣದ ಸ್ವಾರಸ್ಯವಿರುವುದು ಅದು ಕಾಣುವುದರಲ್ಲಿ. ಧರಿಸಿದವನು ನಡೆದು ಬಂದರೆ ಅದನ್ನು ಹತ್ತು ಮಂದಿ ನೋಡಬೇಕು. ‘ನಾನು ಇಂಥವನು, ಎದುರಿಸುವವರಿದ್ದರೆ ಬನ್ನಿ’ ಎಂದು ಅದು ಸಾರಬೇಕು. ಮಡಿಸಿದ ಬಟ್ಟೆಯ ಮರೆಯಲ್ಲಿ ಗಂಡಪೆಂಡೆಯವನ್ನು ಬಚ್ಚಿಟ್ಟುಕೊಂಡವನನ್ನು ಯಾವ ಕವಿಯೂ ಹೊಗಳಲಾರ.

ಅದೇ ಕಾಲಿನ ಅದೇ ಜಾಗಕ್ಕೆ ಇಪ್ಪತ್ತನೆಯ ಶತಮಾನ ಬೇರೊಂದು ಒಡವೆಯನ್ನು ತಂದಿತು. ಅಮೆರಿಕದ ಪೊಲೀಸ್ ಅಧಿಕಾರಿಗಳು, ಅದರಲ್ಲೂ ಸಾದಾ ಉಡುಪಿನ ಪತ್ತೇದಾರರು, ಸೊಂಟದ ರಿವಾಲ್ವರಿನ ಜೊತೆಗೆ ಎರಡನೆಯ ಪುಟ್ಟ ಪಿಸ್ತೂಲೊಂದನ್ನು ಕಣಕಾಲಿಗೆ ಪಟ್ಟಿಯಿಂದ ಬಿಗಿದುಕೊಂಡು, ಅದರ ಮೇಲೆ ಷರಾಯಿಯ ಅಂಚನ್ನು ಇಳಿಬಿಡುವುದು ರೂಢಿಯಾಯಿತು. ಪೊಲೀಸರಿಂದ ಈ ಅಭ್ಯಾಸ ಗೃಹಸ್ಥರಿಗೂ ಹಬ್ಬಿತು. ಕಣಕಾಲಿಗೆ ಯಾವ ಪಿಸ್ತೂಲು ಒಪ್ಪುತ್ತದೆ, ಅದರ ತೂಕವೆಷ್ಟಿರಬೇಕು, ನಳಿಗೆ ಎಷ್ಟು ಉದ್ದವಿರಬೇಕು ಎಂಬ ಚರ್ಚೆ ಆ ದೇಶದಲ್ಲಿ ಇಂದಿಗೂ ನಡೆಯುತ್ತದೆ. ನಮ್ಮಲ್ಲಿ ಮದುವೆಗೆ ಸೀರೆ ಆರಿಸುವಾಗ ಇರುವಷ್ಟೇ ಶ್ರದ್ಧೆ ಅದರಲ್ಲಿದೆ. ಬಿರುದು ಮೆರೆಯುತ್ತಿದ್ದ ಜಾಗದಲ್ಲಿ ಭಯ ಬಂದು ಅಡಗಿ ಕುಳಿತದ್ದು ಹೇಗೆ? ಅಡಗಿಸಿಟ್ಟ ಆಯುಧಕ್ಕೆ ಒಂದು ಚರಿತ್ರೆಯಿದೆ. ಅದನ್ನು ಈ ಹೊತ್ತು ನಿಮ್ಮ ಮುಂದೆ ಸ್ಥೂಲವಾಗಿ ಇಡಬೇಕೆಂದಿದ್ದೇನೆ.

ಆಯುಧವನ್ನು ಮರೆಮಾಡುವುದು ನಿನ್ನೆಮೊನ್ನೆಯ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದು ನೋಡಿ. ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಶಾಸ್ತ್ರಿಗಳು. ಅದರ ಮೊದಲ ಅಧಿಕರಣದಲ್ಲಿ, ಅರಸನು ಅಂತಃಪುರಕ್ಕೆ ಹೋಗುವಾಗ ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಹೇಳುತ್ತ, ಎಚ್ಚರ ತಪ್ಪಿ ಸತ್ತ ರಾಜರ ಒಂದು ಪಟ್ಟಿಯನ್ನೇ ಕೌಟಿಲ್ಯ ಕೊಡುತ್ತಾನೆ. ವಿದೂರಥನನ್ನು ಅವನ ರಾಣಿ ಜಡೆಯೊಳಗೆ ಅಡಗಿಸಿದ ಆಯುಧದಿಂದ ಕೊಂದಳು. ವೈರಂತ್ಯನೆಂಬವನು ವಿಷ ಸವರಿದ ಕಾಲಂದುಗೆಯಿಂದ ಸತ್ತ. ಕಾಲಿನ ಒಡವೆ ಕೊಲೆಯ ಸಾಧನವಾಗಬಲ್ಲದೆಂಬುದು, ಹಾಗಾದರೆ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮವರಿಗೆ ತಿಳಿದಿತ್ತು. ಪಿಸ್ತೂಲನ್ನು ಕಣಕಾಲಿಗೆ ಕಟ್ಟಿದ ಅಮೆರಿಕದವರು ಜಾಗವನ್ನು ಹೊಸದಾಗಿ ಕಂಡುಹಿಡಿದವರೇನಲ್ಲ.

ನಮ್ಮ ನಾಡಿನದೇ ಇನ್ನೊಂದು ನಿದರ್ಶನವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ತಾನು ಬರುವುದಕ್ಕೆ ಸ್ವಲ್ಪ ಮುಂಚೆ ನಡೆದುಹೋದ ಒಂದು ಘೋರವನ್ನು ಬರೆದಿಟ್ಟಿದ್ದಾನೆ. ಅರಸ ಎರಡನೆಯ ದೇವರಾಯನ ತಮ್ಮ ಹೊಸ ಮನೆ ಕಟ್ಟಿಸಿ ಅಣ್ಣನನ್ನೂ ರಾಜ್ಯದ ಪ್ರಮುಖರನ್ನೂ ಊಟಕ್ಕೆ ಕರೆದ. ಬಂದ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ಒಳಕ್ಕೆ ಬರಮಾಡಿಕೊಂಡು ಇರಿಸಿದ. ವಾದ್ಯಗಳ ಅಬ್ಬರದಲ್ಲಿ ಸಾಯುವವರ ಕೂಗು ಹೊರಗಿನವರಿಗೆ ಕೇಳಲಿಲ್ಲ. ಬಳಿಕ ಅರಮನೆಗೆ ಹೋಗಿ, ಮೈಗೆ ಸ್ವಸ್ಥವಿಲ್ಲವೆಂದು ಊಟಕ್ಕೆ ಬರಲೊಪ್ಪದ ಅಣ್ಣನನ್ನು ಕಠಾರಿಯಿಂದ ಇರಿದ. ಅರಸ ಗಾಯಗೊಂಡು ಬಿದ್ದರೂ ಬದುಕಿ ಉಳಿದ. ಕೊಂದೆನೆಂದು ಬೀಗಿದವನೇ ಸತ್ತ.

ಈ ಕಥೆಗಳಲ್ಲಿ ಕೊಂದವರು ಯಾರೆಂಬುದನ್ನು ನೀವು ಗಮನಿಸಬೇಕು. ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ತಮ್ಮ. ಅಡಗಿಸಿದ ಚೂರಿಗೆ ತೋಳಿನ ಅಳತೆಯನ್ನು ಮೀರಿ ಕೆಲಸ ಮಾಡುವ ಶಕ್ತಿಯಿಲ್ಲ. ಆದುದರಿಂದ ಅದನ್ನು ಬಳಸುವವನು ಹತ್ತಿರದವನಾಗಿರಲೇಬೇಕು, ನಂಬಿಕೆಗೆ ಪಾತ್ರನಾಗಿರಲೇಬೇಕು. ‘ಕೈಯಲ್ಲಿ ಶರಣಾರ್ಥಿ, ಬಗಲಲ್ಲಿ ದೊಣ್ಣೆ’ ಎಂಬ ನಮ್ಮ ಗಾದೆಯೂ ಬೈಯುವುದು ಇಂಥ ಪರಿಚಿತನನ್ನೇ. ಹಳೆಯ ಕಾಲದ ಅನುಮಾನಕ್ಕೆ ಹೀಗೆ ಒಂದು ಎಲ್ಲೆಯಿತ್ತು. ಅರಸ ತನ್ನ ಮನೆಯವರನ್ನು ಶಂಕಿಸಬೇಕಾಗಿತ್ತು. ಬೀದಿಯಲ್ಲಿ ನಿಂತು ಕೈಮುಗಿಯುವ ಅಪರಿಚಿತನನ್ನು ಅಷ್ಟಾಗಿ ಶಂಕಿಸಬೇಕಾಗಿರಲಿಲ್ಲ. ಆ ಎಲ್ಲೆಯನ್ನು ಅಳಿಸಿದ್ದು ಕೋವಿಮದ್ದು. ಹೆಚ್ಚು ಸರಿಯಾಗಿ ಹೇಳುವುದಾದರೆ, ಕೋವಿಮದ್ದಿಗೆ ಬೆಂಕಿ ತಗಲಿಸುವ ಒಂದು ಸಣ್ಣ ಯಂತ್ರ.

ಮೊದಮೊದಲಿನ ಕೋವಿಗಳನ್ನು ಯಾರೂ ಅಡಗಿಸಿಡುವಂತಿರಲಿಲ್ಲ. ಅವನ್ನು ಹಾರಿಸಲು ಉರಿಯುವ ಬತ್ತಿಯೊಂದು ಸದಾ ಕೈಯಲ್ಲಿರಬೇಕಾಗಿತ್ತು. ಬತ್ತಿಯ ಹೊಗೆ ಕಾಣುತ್ತದೆ, ಕತ್ತಲೆಯಲ್ಲಿ ಅದರ ಕೆಂಡ ಹೊಳೆಯುತ್ತದೆ, ನಾತ ದೂರಕ್ಕೆ ಬಡಿಯುತ್ತದೆ. ಉರಿಯುವ ಬತ್ತಿಯನ್ನು ಅಂಗಿಯೊಳಗೆ ಇಟ್ಟುಕೊಂಡು ತಿರುಗುವ ಕೊಲೆಗಾರ ಮೊದಲು ತನ್ನನ್ನೇ ಸುಟ್ಟುಕೊಳ್ಳುತ್ತಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿನ ಕುಶಲಕರ್ಮಿಗಳು ಚಕ್ರದ ಕೀಲನ್ನು ರೂಪಿಸಿದರು. ಗಡಿಯಾರಕ್ಕೆ ಕೀಲಿ ಕೊಡುವಂತೆ ಒಂದು ಪುಟ್ಟ ಉಕ್ಕಿನ ಚಕ್ರವನ್ನು ಮೊದಲೇ ಬಿಗಿದಿಡಬೇಕು. ಬೆರಳಿನಿಂದ ಎಳೆದೊಡನೆ ಚಕ್ರ ಗಿರ್ರನೆ ತಿರುಗಿ ಖನಿಜದ ಚೂರಿಗೆ ಉಜ್ಜಿ ಕಿಡಿ ಹಾರಿಸುತ್ತದೆ. ಬತ್ತಿಯ ಗೊಡವೆಯೇ ಇಲ್ಲ. ಮದ್ದು ತುಂಬಿದ ಪಿಸ್ತೂಲನ್ನು ನಿಲುವಂಗಿಯೊಳಗೆ ಸಿದ್ಧವಾಗಿಟ್ಟುಕೊಂಡು ಗಂಟೆಗಟ್ಟಲೆ ಕಾಯಬಹುದು.

ಇದರ ಅರ್ಥವೇನೆಂಬುದು ಆಳುವವರಿಗೆ ತಕ್ಷಣ ಹೊಳೆಯಿತು. ಸಾಮ್ರಾಟ ಒಂದನೆಯ ಮ್ಯಾಕ್ಸಿಮಿಲಿಯನ್ 1517-18ರ ಹೊತ್ತಿಗೇ ತನ್ನ ಪ್ರಭುತ್ವದಲ್ಲಿ ಇಂಥ ಕೋವಿಗಳನ್ನು ನಿಷೇಧಿಸಿದ. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ ಕಾಲದ 1541ರ ಶಾಸನ ಇನ್ನೂ ನಿಷ್ಕೃಷ್ಟವಾಗಿತ್ತು: ಒಂದು ಗಜಕ್ಕಿಂತ ಚಿಕ್ಕದಾದ ಕೈಕೋವಿ ಯಾರ ಬಳಿಯೂ ಇರಕೂಡದು. ಆಯುಧ ದೊಡ್ಡದಾಯಿತೆಂದು ನಿಷೇಧಿಸುವುದು ಲೋಕಕ್ಕೆ ಗೊತ್ತಿದ್ದ ಮಾತು. ಇಲ್ಲಿ ಚಿಕ್ಕದಾಯಿತೆಂಬುದೇ ಅಪರಾಧ. ಗಜದುದ್ದದ ಕೋವಿ ಹಿಡಿದವನನ್ನು ಕಂಡವರು ಬದಿಗೆ ಸರಿಯಬಹುದು, ಬಾಗಿಲು ಹಾಕಿಕೊಳ್ಳಬಹುದು. ಗೇಣುದ್ದದ ಕೋವಿ ಆ ಅವಕಾಶವನ್ನು ಕೊಡುವುದಿಲ್ಲ.

ಆ ಭಯ ನಿಜವಾಗಲು ಬಹಳ ಕಾಲ ಹಿಡಿಯಲಿಲ್ಲ. ಸ್ಪೇನಿನ ಆಳ್ವಿಕೆಯ ವಿರುದ್ಧ ಡಚ್ಚರನ್ನು ಮುನ್ನಡೆಸಿದ ಆರೆಂಜಿನ ವಿಲಿಯಮ್ಮನ ತಲೆಗೆ ಸ್ಪೇನಿನ ದೊರೆ ಎರಡನೆಯ ಫಿಲಿಪ್ 1580ರಲ್ಲಿ ಬೆಲೆ ಕಟ್ಟಿದ್ದ. ಬಾಲ್ತಸಾರ್ ಜೆರಾರ್ ಎಂಬವನು ಸುಳ್ಳು ಹೆಸರು ಹೇಳಿಕೊಂಡು, ತಾನೂ ಅದೇ ಮತಪಕ್ಷದವನೆಂದು ನಂಬಿಸಿ ಡೆಲ್ಫ್ಟ್ ಪಟ್ಟಣದಲ್ಲಿ ವಿಲಿಯಮ್ಮನ ಬಳಿಗೆ ಬಂದ. ಬಡವನೆಂದು ಹೇಳಿಕೊಂಡಾಗ ವಿಲಿಯಮ್ಮನ ಕಡೆಯಿಂದಲೇ ಅವನಿಗೆ ಹಣ ದೊರೆಯಿತು. ಆ ಹಣದಿಂದಲೇ ಅವನು ಪಿಸ್ತೂಲುಗಳನ್ನು ಕೊಂಡ. 1584ರ ಜುಲೈ 10ರಂದು, ಊಟ ಮುಗಿಸಿ ಮೆಟ್ಟಿಲೇರಲು ಹೊರಟ ವಿಲಿಯಮ್ಮನನ್ನು ಹತ್ತಿರದಿಂದ ಸುಟ್ಟು ಕೊಂದ. ಒಂದು ನಾಡಿನ ನಾಯಕ ಕೈಪಿಸ್ತೂಲಿನಿಂದ ಹತನಾದ ಮೊದಲ ಪ್ರಸಂಗವೆಂದು ಚರಿತ್ರಕಾರರು ಇದನ್ನು ಎಣಿಸುತ್ತಾರೆ. ಗುಂಡು ತಗುಲಿದ ಗುರುತನ್ನು ಆ ಮನೆಯ ಗೋಡೆಯಲ್ಲಿ ಇಂದಿಗೂ ಕಾಪಾಡಿದ್ದಾರೆ. ದಾನ ಕೊಟ್ಟ ಕೈಗೆ ದಾನದ ಹಣವೇ ಮೃತ್ಯುವಾಗಿ ಹಿಂತಿರುಗಿತು. ಇನ್ನು ಮೇಲೆ ಅರಸನಿಗೆ ತಮ್ಮನೊಬ್ಬನನ್ನು ಕಾಯ್ದುಕೊಂಡರೆ ಸಾಲದು. ಬೇಡಲು ಬಂದ ಅಪರಿಚಿತನನ್ನೂ ಶಂಕಿಸಬೇಕಾಯಿತು.

ಅಲ್ಲಿಂದ ಮುಂದಿನ ಕಥೆ ಪಿಸ್ತೂಲು ಕುಗ್ಗುತ್ತ ಹೋದ ಕಥೆ. ಹತ್ತೊಂಬತ್ತನೆಯ ಶತಮಾನದ ನಡುವಣ ವರ್ಷಗಳಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಹೆನ್ರಿ ಡೆರಿಂಜರ್ ಎಂಬ ಕೋವಿ ಕಮ್ಮಾರ ಅಂಗೈಯಲ್ಲಿ ಮುಚ್ಚಿಡಬಹುದಾದಂಥ ಒಂಟಿ ಗುಂಡಿನ ಪಿಸ್ತೂಲುಗಳನ್ನು ಮಾಡಿ ಹೆಸರುವಾಸಿಯಾದ. ಅನೇಕರು ಅವನನ್ನು ಅನುಕರಿಸಿದರು. ಅನುಕರಣೆಯ ಭರದಲ್ಲಿ ಹೆಸರಿನೊಳಗೆ ಒಂದು ರಕಾರ ಹೆಚ್ಚಾಗಿ ಸೇರಿಕೊಂಡು, ಅಂಕಿತನಾಮವಾಗಿದ್ದುದು ಅಂಥ ಎಲ್ಲ ಪುಟ್ಟ ಪಿಸ್ತೂಲುಗಳಿಗೂ ರೂಢನಾಮವಾಯಿತು. 1865ರ ಏಪ್ರಿಲ್ 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ಸ್ ನಾಟಕಶಾಲೆಯಲ್ಲಿ ಅಬ್ರಹಾಂ ಲಿಂಕನ್ ಪತ್ನಿಯೊಡನೆ ಕುಳಿತು ವಿನೋದ ನಾಟಕವೊಂದನ್ನು ನೋಡುತ್ತಿದ್ದಾಗ, ಜಾನ್ ವಿಲ್ಕ್ಸ್ ಬೂತ್ ಎಂಬ ನಟ ಹಿಂದಿನಿಂದ ಬಂದು ಅವರ ತಲೆಗೆ ಗುಂಡು ಹೊಡೆದುದು ಡೆರಿಂಜರನ ಒಂದು ಪಿಸ್ತೂಲಿನಿಂದ. ಅದರ ಉದ್ದ ಆರು ಅಂಗುಲಕ್ಕೆ ತುಸು ಕಡಿಮೆ. ಒಂದೇ ಗುಂಡು, ಅದು ತಪ್ಪಿದರೆ ಬೂತನಿಗೆ ಉಳಿಯುತ್ತಿದ್ದುದು ಸೊಂಟದ ಚೂರಿ ಮಾತ್ರ. ಪಿಸ್ತೂಲು ಇಂದು ಅದೇ ನಾಟಕಶಾಲೆಯ ವಸ್ತುಸಂಗ್ರಹಾಲಯದಲ್ಲಿದೆ. ಒಂದು ಮಹಾ ಅಂತರ್ಯುದ್ಧದ ಫಿರಂಗಿಗಳು ಮುಟ್ಟಲಾರದ ಮನುಷ್ಯನನ್ನು ಅಂಗೈಯ ಆ ಆಟಿಕೆ ಮುಟ್ಟಿತು.

ಈ ಸಾಲಿನಲ್ಲಿ ನನ್ನ ಮನಸ್ಸನ್ನು ಇನ್ನೂ ಹೆಚ್ಚು ಕಲಕುವುದು 1901ರ ಸೆಪ್ಟೆಂಬರ್ 6ರ ಘಟನೆ. ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ವಿಲಿಯಮ್ ಮೆಕಿನ್ಲೆ ಸಾರ್ವಜನಿಕರ ಕೈಕುಲುಕಲು ನಿಂತಿದ್ದರು. ಜನ ಸಾಲಾಗಿ ಬರುತ್ತಿದ್ದರು. ಅಂದು ಸೆಕೆಯಾದ್ದರಿಂದ ಹಲವರ ಕೈಯಲ್ಲಿ ಬೆವರೊರಸುವ ಕರವಸ್ತ್ರಗಳಿದ್ದುವು. ಲಿಯಾನ್ ಚೋಲ್ಗೋಶ್ ಎಂಬವನ ಬಲಗೈಗೂ ಕರವಸ್ತ್ರ ಸುತ್ತಿತ್ತು. ಗಾಯಕ್ಕೆ ಕಟ್ಟಿದ ಪಟ್ಟಿಯಂತೆ ಕಾಣುತ್ತಿತ್ತು. ಅವನ ಸರದಿ ಬಂದಾಗ ಮೆಕಿನ್ಲೆ ಕೈಚಾಚಿದರು. ಕರವಸ್ತ್ರದೊಳಗಿನ ರಿವಾಲ್ವರ್ ಎರಡು ಸಲ ಸಿಡಿಯಿತು. ಎಂಟು ದಿನಗಳ ಬಳಿಕ ಅಧ್ಯಕ್ಷರು ತೀರಿಕೊಂಡರು. ಅಮೆರಿಕದ ಅಧ್ಯಕ್ಷರ ಸುತ್ತ ಸೀಕ್ರೆಟ್ ಸರ್ವಿಸಿನ ಪೂರ್ಣಾವಧಿ ಕಾವಲು ಏರ್ಪಟ್ಟದ್ದು ಇದಾದ ಮೇಲೆ. ಕೈಕುಲುಕುವ ಪದ್ಧತಿಗೆ ಮೂಲದಲ್ಲಿ ‘ನನ್ನ ಕೈಯಲ್ಲಿ ಆಯುಧವಿಲ್ಲ’ ಎಂಬ ಅರ್ಥವಿತ್ತೆಂದು ಹೇಳುವುದುಂಟು. ಮೂಲ ಏನೇ ಇರಲಿ, ಆ ದಿನದಿಂದ ಆ ಅರ್ಥವನ್ನು ಯಾವ ಅಧ್ಯಕ್ಷನೂ ಪೂರ್ತಿ ನಂಬುವಂತಾಗಲಿಲ್ಲ.

ಇಂಥ ಚರಿತ್ರೆಯುಳ್ಳ ದೇಶ ಅಡಗಿಸಿದ ಆಯುಧವನ್ನು ಹೇಗೆ ಕಂಡಿರಬೇಕು? ಮೊದಲು ಅದು ತೀವ್ರ ತಿರಸ್ಕಾರದಿಂದಲೇ ಕಂಡಿತು. ಕೆಂಟಕಿ ರಾಜ್ಯ 1813ರಲ್ಲಿಯೇ ಗುಪ್ತವಾಗಿ ಆಯುಧ ಧರಿಸುವುದನ್ನು ನಿಷೇಧಿಸಿತು. ಆ ಕಾನೂನಿನ ಕೆಳಗೆ ಸಿಕ್ಕಿಬಿದ್ದ ಬ್ಲಿಸ್ ಎಂಬವನ ಬಳಿ ಇದ್ದದ್ದು ಊರುಗೋಲಿನೊಳಗೆ ಹುದುಗಿಸಿದ ಕತ್ತಿ. ನಮ್ಮಲ್ಲಿ ‘ಗುಪ್ತಿ’ ಎನ್ನುವುದೂ ಅದನ್ನೇ. 1822ರಲ್ಲಿ ಅಲ್ಲಿನ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತು ಕಾನೂನನ್ನೇ ತಳ್ಳಿಹಾಕಿದಾಗ, ರಾಜ್ಯದವರು ಸುಮ್ಮನಾಗಲಿಲ್ಲ. 1850ರ ತಮ್ಮ ಹೊಸ ಸಂವಿಧಾನದಲ್ಲಿ ಅಂಥ ನಿಷೇಧಕ್ಕೆ ಸ್ಪಷ್ಟವಾಗಿ ಅಧಿಕಾರ ಬರೆದುಕೊಂಡರು. ಜಾರ್ಜಿಯಾದ ನ್ಯಾಯಾಲಯ 1846ರಲ್ಲಿ, ಲೂಯಿಸಿಯಾನದ ನ್ಯಾಯಾಲಯ 1850ರಲ್ಲಿ ಕೊಟ್ಟ ತೀರ್ಪುಗಳ ತಾತ್ಪರ್ಯ ಒಂದೇ: ಬಹಿರಂಗವಾಗಿ ಆಯುಧ ಧರಿಸುವುದು ನಾಗರಿಕನ ಹಕ್ಕು, ಮರೆಮಾಡಿ ಧರಿಸುವುದಕ್ಕೆ ಆ ಹಕ್ಕಿನ ಆಸರೆಯಿಲ್ಲ. ಎದುರಾಳಿಗೆ ತಿಳಿಯದ ಮೇಲುಗೈಯನ್ನು ಬಯಸುವವನು ಮರ್ಯಾದಸ್ಥನಲ್ಲ ಎಂಬುದು ಅಂದಿನ ಸಾಮಾನ್ಯ ಭಾವನೆಯಾಗಿತ್ತು.

ಒಂದು ಶತಮಾನ ಉರುಳುವಷ್ಟರಲ್ಲಿ ಈ ಭಾವನೆ ಪೂರ್ತಿ ತಲೆಕೆಳಗಾದುದು ಚರಿತ್ರೆಯ ಒಂದು ವಿಚಿತ್ರ. ನಗರಗಳು ಬೆಳೆದುವು. ಟ್ರಾಮಿನಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಸೊಂಟದ ಮೇಲೆ ಪಿಸ್ತೂಲು ತೂಗಾಡಿಸಿಕೊಂಡು ನಿಂತವನನ್ನು ಕಂಡರೆ ಜನ ಬೆದರತೊಡಗಿದರು. ಕಣ್ಣಿಗೆ ಬೀಳುವ ಆಯುಧ ಅಸಭ್ಯವೆನಿಸಿತು, ಬೀಳದ್ದು ಸಭ್ಯವಾಯಿತು. ನ್ಯೂಯಾರ್ಕ್ ರಾಜ್ಯದ 1911ರ ಸಲಿವನ್ ಕಾನೂನು ಗುಪ್ತ ಪಿಸ್ತೂಲಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಫ್ಲಾರಿಡಾ ರಾಜ್ಯ 1987ರಲ್ಲಿ, ಅರ್ಹತೆಯಿದ್ದು ಕೇಳಿದವನಿಗೆ ಅಧಿಕಾರಿಗಳು ಗುಪ್ತ ಪಿಸ್ತೂಲಿನ ಪರವಾನಗಿ ಕೊಡಲೇಬೇಕೆಂದು ಕಾನೂನು ಮಾಡಿತು; ಒಂದಾದ ಮೇಲೊಂದು ರಾಜ್ಯ ಅದನ್ನು ಅನುಸರಿಸಿತು. ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ನ್ಯೂಯಾರ್ಕಿನ ಕಟ್ಟುನಿಟ್ಟನ್ನು ರದ್ದುಪಡಿಸಿತು. ಇಂದು ಅಮೆರಿಕದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೇ ಇಲ್ಲದೆ ವಯಸ್ಕನೊಬ್ಬ ಪಿಸ್ತೂಲನ್ನು ಬಟ್ಟೆಯೊಳಗೆ ಇಟ್ಟುಕೊಂಡು ತಿರುಗಬಹುದು. ಇದನ್ನು ಸಮರ್ಥಿಸುವವರ ವಾದ ಸರಳವಾಗಿದೆ: ಯಾರ ಬಳಿ ಆಯುಧವಿದೆಯೆಂದು ತಿಳಿಯದಿದ್ದರೆ ದರೋಡೆಗಾರ ಎಲ್ಲರಿಗೂ ಅಂಜುತ್ತಾನೆ. ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಆ ತಿಳಿಯದಿರುವಿಕೆ ದರೋಡೆಗಾರನೊಬ್ಬನ ಪಾಲಿಗೆ ಮಾತ್ರವಲ್ಲ. ನೆರೆಯವನಿಗೂ, ಸಿಟ್ಟಿನಲ್ಲಿ ಮಾತು ಬೆಳೆಸಿದ ಗೆಳೆಯನಿಗೂ, ರಸ್ತೆಯಲ್ಲಿ ವಾಹನ ತಡೆದ ಪೊಲೀಸನಿಗೂ ಅದು ಸಮನಾಗಿ ಹಂಚಿಹೋಗುತ್ತದೆ.

ಇನ್ನು ಕಣಕಾಲಿನ ವಿಷಯಕ್ಕೆ ಬರೋಣ. ಕೋಲ್ಟ್ ಕಾರ್ಖಾನೆ 1927ರಲ್ಲಿ ಪತ್ತೇದಾರರಿಗೆಂದೇ ಎರಡಂಗುಲ ನಳಿಗೆಯ ರಿವಾಲ್ವರೊಂದನ್ನು ಹೊರತಂದಿತು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಕಾರ್ಖಾನೆ ಪೊಲೀಸ್ ಮುಖ್ಯಸ್ಥರ ಸಮ್ಮೇಳನದಲ್ಲಿ ಪ್ರದರ್ಶಿಸಿದ ‘ಚೀಫ್ಸ್ ಸ್ಪೆಷಲ್’ ಇನ್ನೂ ಚಿಕ್ಕದು. ಅದಕ್ಕೆ ಐದೇ ತೋಟಾಗಳು, ತೂಕ ಅರ್ಧ ಕಿಲೋಗ್ರಾಮಿಗೆ ತುಸು ಹೆಚ್ಚು. ಕಣಕಾಲಿಗೆ ಆ ತೂಕವೂ ಭಾರವೇ. ನಡೆಯುವಾಗ ಪ್ರತಿಯೊಂದು ಹೆಜ್ಜೆಗೂ ಅದು ಬೀಸುತ್ತದೆ, ಎಲುಬಿಗೆ ಬಡಿಯುತ್ತದೆ. ಆದ್ದರಿಂದ ಮುಂದೆ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹದ ಮೈ ಬಂತು. ಹಿಂಬದಿಯ ಸುತ್ತಿಗೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಂದು ಅದನ್ನು ಮೈಯೊಳಗೇ ಮುಚ್ಚಿದ ಮಾದರಿ ಬಂತು. ಬಲಗೈಯವನಾದರೆ ಎಡಗಾಲಿನ ಒಳಬದಿಗೆ ಕಟ್ಟಬೇಕು; ಷರಾಯಿಯ ಕಾಲು ಅಗಲವಾಗಿರಬೇಕು; ಪಿಸ್ತೂಲು ಕೆಳಗೆ ಬೀಳದಂತೆ ತೊಗಲಿನ ಒರೆ ಬಿಗಿಯಾಗಿರಬೇಕು, ರಕ್ತದ ಓಟ ನಿಲ್ಲುವಷ್ಟು ಬಿಗಿಯಾಗಿರಬಾರದು. ರಸ್ತೆಯ ಧೂಳು, ಮಳೆಯ ಕೆಸರು, ಕಾಲಿನ ಬೆವರು ಎಲ್ಲವೂ ಮೊದಲು ತಲುಪುವುದು ಅಲ್ಲಿಗೇ ಆದುದರಿಂದ ದಿನವೂ ಒರಸಿಡಬೇಕು.

ಇಷ್ಟೆಲ್ಲ ಆರೈಕೆ ಮಾಡಿ ಆರಿಸಿಕೊಂಡ ಆಯುಧ ಬೇಕಾದ ಗಳಿಗೆಯಲ್ಲಿ ಕೈಗೆ ಸಿಗುತ್ತದೆಯೆ? ಎರಡೂ ಕಾಲಿನ ಮೇಲೆ ನಿಂತವನಿಗೆ ಅದು ಅತ್ಯಂತ ದೂರದ ಜಾಗ. ಒಂದು ಮೊಣಕಾಲೂರಿ ಬಾಗಬೇಕು, ಒಂದು ಕೈಯಿಂದ ಷರಾಯಿಯನ್ನು ಮೇಲಕ್ಕೆಳೆಯಬೇಕು, ಇನ್ನೊಂದರಿಂದ ಪಿಸ್ತೂಲನ್ನು ಸೆಳೆಯಬೇಕು. ಅಷ್ಟು ಹೊತ್ತು ಕಣ್ಣು ನೆಲದ ಕಡೆಗಿರುತ್ತದೆ, ತಲೆ ತಗ್ಗಿರುತ್ತದೆ. ಎದುರಿಗಿರುವವನಿಗೆ ಇದಕ್ಕಿಂತ ಅನುಕೂಲವಾದ ಭಂಗಿ ಬೇರೆಯಿಲ್ಲ. ಬಲ್ಲವರು ಅದಕ್ಕೆ ಒಪ್ಪುವ ಸಂದರ್ಭಗಳು ಎರಡೇ: ವಾಹನದಲ್ಲಿ ಕುಳಿತಿರುವಾಗ, ಇಲ್ಲವೆ ಮೊದಲ ಆಯುಧವನ್ನು ಕಳೆದುಕೊಂಡು ಅಂಗಾತ ನೆಲಕ್ಕೆ ಬಿದ್ದಾಗ. ಕಾರಿನಲ್ಲಿ ಹೊತ್ತು ಕಳೆಯುವ ಪೊಲೀಸನಿಗೂ, ಕಳ್ಳರೊಡನೆ ಹೊರಳಾಡಬೇಕಾದ ಪತ್ತೇದಾರನಿಗೂ ಇದು ಜೀವ ಉಳಿಸುವ ಮಾತಾಗಬಹುದು. ಅವನನ್ನು ನಾವು ಹೀಗಳೆಯಬಾರದು. ಆದರೆ ಆ ಅಗತ್ಯವಿಲ್ಲದ ಗೃಹಸ್ಥನೂ ಅದನ್ನು ಕಟ್ಟಿಕೊಂಡು ಪೇಟೆಗೆ ಹೊರಟಾಗ, ಅವನು ಏನನ್ನು ಕಲ್ಪಿಸಿಕೊಂಡು ಮನೆ ಬಿಟ್ಟಿದ್ದಾನೆ ಎಂದು ಯೋಚಿಸಿ ನೋಡಿ. ತಾನು ನೆಲಕ್ಕೆ ಬೀಳುವುದನ್ನೇ ಅವನು ಪ್ರತಿದಿನ ಬೆಳಗ್ಗೆ ಕಲ್ಪಿಸಿಕೊಂಡು ಬಟ್ಟೆ ತೊಡುತ್ತಾನೆ. ಗಂಡಪೆಂಡೆಯ ತೊಟ್ಟವನು ಗೆಲುವನ್ನು ನೆನೆದು ಹೊರಡುತ್ತಿದ್ದ.

ನಮ್ಮ ದೇಶ ಬೇರೆ ದಾರಿಯಲ್ಲಿ ಬಂದಿತು. ಲಾರ್ಡ್ ಲಿಟ್ಟನ್ನನ ಕಾಲದ 1878ರ ಆಯುಧ ಕಾಯಿದೆ ಭಾರತೀಯರಿಗೆ ಪರವಾನಗಿಯ ಕಟ್ಟು ಹಾಕಿ ಐರೋಪ್ಯರನ್ನು ಅದರಿಂದ ಹೊರಗಿಟ್ಟಿತು. ಆ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಸೇರಿತು. ಆ ನಿರ್ಣಯವನ್ನು ನೆನಪಿಸಿ ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು. ಸಭೆ ಅದನ್ನು ಒಪ್ಪಲಿಲ್ಲ. ಆಯುಧ ಹಕ್ಕಾಗದೆ, 1959ರ ಕಾಯಿದೆಯ ಕೆಳಗೆ ಸರ್ಕಾರ ಕೊಡಬಹುದಾದ ಅನುಮತಿಯಾಗಿಯೇ ಉಳಿಯಿತು.

ಇದಕ್ಕೆ ಕರ್ನಾಟಕದಲ್ಲಿಯೇ ಒಂದು ಅಪವಾದವಿದೆ. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಆಯುಧ ನಿರ್ಬಂಧದಿಂದ ವಿನಾಯಿತಿ ನೀಡಿದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ನಡೆದು ಬಂದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಆದರೆ ಕೊಡಗಿನ ಆಯುಧ ಬಚ್ಚಿಟ್ಟ ಆಯುಧವಲ್ಲ. ಕುಪ್ಯ ತೊಟ್ಟ ಕೊಡವನ ಪೀಚೆಕತ್ತಿ ಕೆಂಪು ಚೇಲೆಯ ನಡುವೆ, ಎದುರಿಗೆ ಬಂದವರಿಗೆಲ್ಲ ಕಾಣುವಂತೆ, ಹೊಟ್ಟೆಯ ಮುಂಭಾಗದಲ್ಲಿರುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ತೊಳೆದು, ತೋಕ್‌ಪೂ ಎಂಬ ಹೂವಿನಿಂದ ಅಲಂಕರಿಸಿ, ದೇವರ ದೀಪದ ಬಳಿ ಇಡುತ್ತಾರೆ. ಹುಟ್ಟಿದಾಗಲೂ ಸತ್ತಾಗಲೂ ಹಾರುವ ಗುಂಡಿನ ಸದ್ದು ಊರಿಗೆಲ್ಲ ಕೇಳುತ್ತದೆ. ಕೋವಿಯಿಂದ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಯಾರ ಮನೆಯಲ್ಲಿ ಕೋವಿಯಿದೆ ಎಂಬುದು ಎಲ್ಲರಿಗೂ ತಿಳಿದಿರುವ ಸಮಾಜದಲ್ಲಿ ಅದಕ್ಕೊಂದು ಮರ್ಯಾದೆಯ ಅಂಕುಶವಿರುತ್ತದೆ ಎಂದಷ್ಟೇ ಹೇಳುತ್ತಿದ್ದೇನೆ.

ಅಡಗಿಸುವ ಪಿಸ್ತೂಲೂ ನಮ್ಮಲ್ಲಿಗೆ ಬಾರದೆ ಇರಲಿಲ್ಲ. 2012ರ ದೆಹಲಿಯ ಆ ಭೀಕರ ಅತ್ಯಾಚಾರ ಪ್ರಕರಣದ ನೆರಳಿನಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ ಹಗುರವಾದ ರಿವಾಲ್ವರನ್ನು ಮಹಿಳೆಯರಿಗಾಗಿ ಎಂದು ಹೊರತಂದಿತು. ತೂಕ ಸುಮಾರು ಅರ್ಧ ಕಿಲೋಗ್ರಾಂ, ಕೈಚೀಲದಲ್ಲಿ ಹಿಡಿಸುತ್ತದೆ. ಹೊರಬಂದಾಗ ಅದರ ಬೆಲೆ ಒಂದು ಲಕ್ಷ ರೂಪಾಯಿಗೂ ಮೇಲಿತ್ತು. ಕತ್ತಲಾದ ಮೇಲೆ ಬಸ್ಸಿಗಾಗಿ ಕಾಯುವ ಹೆಣ್ಣುಮಗಳಿಗೆ ಆ ಬೆಲೆಯೂ ಎಟುಕದು, ಪರವಾನಗಿಯೂ ಸುಲಭವಾಗಿ ಎಟುಕದು. ಎಟುಕಿತೆಂದೇ ಇಟ್ಟುಕೊಳ್ಳಿ; ಹಿಂದಿನಿಂದ ಬಂದು ಹಿಡಿದವನ ಮುಂದೆ ಕೈಚೀಲದ ಬಾಯಿ ಬಿಚ್ಚಲು ಅವಳಿಗೆ ಎಷ್ಟು ಗಳಿಗೆ ದೊರೆಯುತ್ತದೆ? ಅವಳ ಭಯ ನಿಜ; ಅದನ್ನು ಹಗುರವಾಗಿ ಎಣಿಸುವ ಅಧಿಕಾರ ನಮಗಾರಿಗೂ ಇಲ್ಲ. ಆದರೆ ಬೀದಿಗೆ ದೀಪ, ಬಸ್ಸಿಗೆ ಸಮಯ, ಠಾಣೆಯಲ್ಲಿ ಗೌರವ ಇವುಗಳನ್ನು ಕೊಡಬೇಕಾದ ಸಮಾಜ, ಅವುಗಳ ಬದಲಿಗೆ ಅರ್ಧ ಕಿಲೋಗ್ರಾಂ ಲೋಹವನ್ನು ಅವಳ ಕೈಗಿತ್ತು ‘ಇನ್ನು ನೀನುಂಟು, ಇದುಂಟು’ ಎಂದು ಕೈತೊಳೆದುಕೊಳ್ಳಬಾರದು.

ಕೊನೆಯದಾಗಿ 1948ಕ್ಕೆ ಹಿಂತಿರು‍ಗಬೇಕು. ಆ ವರ್ಷದ ಜನವರಿ 20ರಂದು ದೆಹಲಿಯ ಬಿರ್ಲಾ ಭವನದಲ್ಲಿ ಗಾಂಧೀಜಿಯವರ ಪ್ರಾರ್ಥನಾ ಸಭೆಯ ಹತ್ತಿರ ಬಾಂಬು ಸಿಡಿಯಿತು. ಪ್ರಾರ್ಥನೆಗೆ ಬರುವವರನ್ನೆಲ್ಲ ತಪಾಸಣೆ ಮಾಡಲು ಅನುಮತಿ ಬೇಕೆಂದು ಪೊಲೀಸರೂ ಗೃಹಮಂತ್ರಿ ವಲ್ಲಭಭಾಯಿ ಪಟೇಲರೂ ಕೇಳಿಕೊಂಡರು. ಗಾಂಧೀಜಿ ಒಪ್ಪಲಿಲ್ಲ. ಹತ್ತು ದಿನಗಳ ಮೇಲೆ, ಜನವರಿ 30ರ ಸಂಜೆ, ಐದು ಗಂಟೆ ದಾಟಿ ಪ್ರಾರ್ಥನೆಗೆ ನಡೆದು ಬರುತ್ತಿದ್ದ ಅವರ ಮುಂದೆ ನಾಥೂರಾಮ್ ಗೋಡ್ಸೆ ನಮಸ್ಕರಿಸುವವನ ಹಾಗೆ ಬಾಗಿ, ಇಟಲಿಯಲ್ಲಿ ತಯಾರಾದ ಬೆರೆಟ್ಟಾ ಪಿಸ್ತೂಲಿನಿಂದ ಮೂರು ಗುಂಡು ಹಾರಿಸಿದ. ಅಂಗಿಯ ಜೇಬಿನಲ್ಲಿ ಅಡಗುವಂಥ ಪಿಸ್ತೂಲು ಅದು. ನಮ್ಮ ಗಾದೆಯ ಶರಣಾರ್ಥಿಯೂ ದೊಣ್ಣೆಯೂ ಅಲ್ಲಿ ಒಂದೇ ಜೊತೆ ಕೈಗಳಲ್ಲಿದ್ದುವು.

ತಪಾಸಣೆಗೆ ಒಪ್ಪಿದ್ದರೆ ಅವರು ಅಂದು ಉಳಿಯುತ್ತಿದ್ದರೆಂದು ವಾದಿಸುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಅವರನ್ನು ಉಳಿಸಿಕೊಳ್ಳಲು ಬಯಸಿದ ಪಟೇಲರ ಒತ್ತಾಯವೂ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಗಾಂಧೀಜಿ ನಿರಾಕರಿಸಿದ್ದು ಏನನ್ನು ಎಂಬುದನ್ನು ನಾವು ಸ್ಪಷ್ಟವಾಗಿ ಗ್ರಹಿಸಬೇಕು. ಪ್ರಾರ್ಥನೆಗೆ ಬಂದ ಪ್ರತಿಯೊಬ್ಬನ ಜೇಬಿನಲ್ಲಿಯೂ ಪಿಸ್ತೂಲಿರಬಹುದು ಎಂಬ ಭಾವನೆಯನ್ನು ಅವರು ತಮ್ಮ ಅಂಗಳಕ್ಕೆ ಬಿಟ್ಟುಕೊಳ್ಳಲಿಲ್ಲ. ಅವರಿಗೆ ಸಾಧ್ಯವಾದದ್ದು ನಮಗೆಲ್ಲರಿಗೂ ಸಾಧ್ಯವಲ್ಲ. ವಿಮಾನ ನಿಲ್ದಾಣದಲ್ಲಿ, ನ್ಯಾಯಾಲಯದ ಬಾಗಿಲಲ್ಲಿ, ದೊಡ್ಡ ದೇವಸ್ಥಾನಗಳಲ್ಲಿಯೂ ಈಗ ನಾವು ಕೈಯೆತ್ತಿ ನಿಂತು ಮೈ ತಡವಿಸಿಕೊಳ್ಳುತ್ತೇವೆ. ಅದಕ್ಕೆ ಒಗ್ಗಿಯೂ ಹೋಗಿದ್ದೇವೆ. ಆ ಗಳಿಗೆಯಲ್ಲಿ ನಮ್ಮಿಂದ ವಸೂಲಾಗುವುದು, ಗೇಣುದ್ದದ ಕೋವಿಯೊಂದು ಐದು ನೂರು ವರ್ಷಗಳ ಹಿಂದೆ ನಿಲುವಂಗಿಯೊಳಗೆ ಸೇರಿಕೊಂಡಾಗ ಆರಂಭವಾದ ತೆರಿಗೆ. ಆಯುಧವನ್ನು ಅಡಗಿಸಿದವನು ಎಂದೋ ಒಬ್ಬ. ತೆರಿಗೆ ಕಟ್ಟುತ್ತಿರುವವರು ಬರಿಗೈಯವರಾದ ನಾವೆಲ್ಲ.